ಗಾಜಿನ ಪೆಟ್ಟಿಗೆಯ ಮೊದಲ ವಸ್ತು

ಅಜ್ಜಿಯರೆಲ್ಲ ಇನ್ನೂ ಲಂಗ ತೊಟ್ಟು ಕುಣಿಯುತ್ತಿದ್ದ ಕಾಲದಲ್ಲಿ, ಒಬ್ಬ ರಾಜ ದೇಶಕ್ಕೆಂದು ವಿಜ್ಞಾನಮಂದಿರವನ್ನೂ ಅದರೊಳಗೊಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿಸಿದ. ನೋಡಿಕೊಳ್ಳಲು ಪಂಡಿತರ ಮಂಡಳಿಯನ್ನು ನೇಮಿಸಿ, ಅದರ ಅಧ್ಯಕ್ಷರಿಗೆಂದು ಸಿಂಹದ ಕಾಲಿನ ತೇಗದ ಕುರ್ಚಿಯನ್ನೂ ಕೊಟ್ಟ.

"ಮೊದಲು ಏನನ್ನು ಇಡಬೇಕೆಂದು ಎಲ್ಲರೂ ಒಪ್ಪಿ ಬಾಗಿಲು ತೆರೆಯಿರಿ. ಯುಗಾದಿ ದಾಟಿದರೆ ಅಲ್ಲಿ ನನ್ನ ಕುದುರೆ ಕಟ್ಟಿಸುತ್ತೇನೆ" ಎಂದ.

"ತೆರೆಸ್ತೀನಿ ಮಹಾಸ್ವಾಮಿ" ಎಂದು ಮಾತು ಕೊಟ್ಟವಳು ಮಂಡಳಿಯ ಕಾರ್ಯದರ್ಶಿ ತಿರುಮಲಾಂಬೆ.

ಯುಗಾದಿಯ ಮುನ್ನಾದಿನವೂ ಪಂಡಿತರು ಕುರ್ಚಿಯ ಸುತ್ತಲೇ ನಿಂತು ಕಿತ್ತಾಡುತ್ತಿದ್ದರು.

"ಆನೆ ಎಲುಬು ತಂದವನು ನಾನು, ಕೂರೋನೂ ನಾನೇ!" ಎಂದರು ಪ್ರಾಣಿಶಾಸ್ತ್ರಿಗಳು.

"ಅದು ಎಮ್ಮೆ ಎಲುಬು ಕಣಯ್ಯಾ, ಸರಿ ಅತ್ಲಾಗೆ!" ಎಂದರು ಖಗೋಳಶಾಸ್ತ್ರಿಗಳು.

ಅಂಗಳದಲ್ಲಿ ಕುದುರೆಗಳು ಆಗಲೇ ಬಂದು ಕೆನೆಯುತ್ತಿದ್ದವು. ತಿರುಮಲಾಂಬೆ ಮೇಜು ಕುಟ್ಟಿ ಕೇಳಿದಳು:

"ಸ್ವಾಮೀ, ಈ ಕುರ್ಚಿ ನಿಮಗೆ ಸಿಗದಿದ್ರೂ ಚಿಂತೆಯಿಲ್ಲ, ಪಕ್ಕದವರಿಗಂತೂ ಸಿಗಬಾರದು. ಹೌದೋ ಅಲ್ವೋ?"

"ಹೌದು!" ಮಂಡಳಿ ಮೊದಲ ಬಾರಿಗೆ ಒಕ್ಕೊರಲಿನಿಂದ ಕೂಗಿತು.

ಯುಗಾದಿಯ ಬೆಳಿಗ್ಗೆ ಬಾಗಿಲು ತೆರೆಯಿತು; ಎದುರಿಗೇ ಗಾಜಿನ ಪೆಟ್ಟಿಗೆಯಲ್ಲಿ, ಬೀಗ ಹಾಕಿಸಿಕೊಂಡು, ಅಧ್ಯಕ್ಷರ ಕುರ್ಚಿ ಕೂತಿತ್ತು.