ಎತ್ತಿ ಕುಡಿಯುವ ನೀರು

ಎತ್ತಿ ಕುಡಿಯಲು ಹೋಗಿ ಮೂರನೆಯ ಸಲವೂ ಕೆಮ್ಮು ನುಗ್ಗಿ, ನೀರೆಲ್ಲ ಎದೆಯ ಮೇಲೆ ಚೆಲ್ಲಿದಾಗ ಕುಬಟೂರಿನ ಸಣ್ಣಪ್ಪ ಲೋಟವನ್ನು ತುಟಿಗೇ ಒಯ್ದ.

"ಏ, ಎತ್ತಿ ಕುಡಿಯಲೇ! ನೀನು ಕಚ್ಚಿ ಕುಡಿದ್ರೆ ಉಳಿದೋರ ಗತಿ ಏನು?" ವಾರ್ಡನ್ ಉಚ್ಚಂಗಪ್ಪ ಬಾಗಿಲಲ್ಲೇ ನಿಂತು ಗದರಿದರು. ಐವತ್ತೇಳರ ಫ್ಲೂ ಜ್ವರಕ್ಕೆ ಶಿಕಾರಿಪುರದ ಆ ಹಾಸ್ಟೆಲಿನಲ್ಲಿ ಒಂಬತ್ತು ವಿದ್ಯಾರ್ಥಿಗಳು ಮಲಗಿದ್ದರು. ಅವರ ಕೋಣೆಗೆ ಇದ್ದದ್ದು ಒಂದೇ ಲೋಟ.

"ತಪ್ಪಾತ್ರೀ ಸಾರ್," ಎಂದ ಸಣ್ಣಪ್ಪ ಗೋಡೆಗೆ ತಿರುಗಿ ಮಲಗಿದ. ಆಮೇಲೆ ನೀರು ಕೇಳಲಿಲ್ಲ.

ಮರುದಿನ ಅವನ ಉಸಿರಿನ ಗೊರಗೊರ ವರಾಂಡಕ್ಕೂ ಕೇಳಿಸಿತು. ಉಚ್ಚಂಗಪ್ಪ ತಮ್ಮ ಮನೆಯ ಲೋಟವನ್ನೇ ತಂದು, ಅವನ ತಲೆಯನ್ನು ತೋಳಿನ ಮೇಲೆ ತೆಗೆದುಕೊಂಡರು. "ಇದು ನಿಂದೇ ಕಣಪ್ಪಾ. ಕಚ್ಚೇ ಕುಡಿ."

ಲೋಟ ತುಟಿಗೆ ತಾಗುವ ಮೊದಲೇ ಸಣ್ಣಪ್ಪ ಕತ್ತು ಹಿಂದೆ ಚೆಲ್ಲಿ, ಮೇಲಿನಿಂದ ಸುರಿಯಲೆಂದು ಬಾಯಿ ತೆರೆದ. ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ.