ಓದದೆ ಬಿಟ್ಟ ಸಾಲು

ಒಪ್ಪಿಗೆ ಪತ್ರವನ್ನು ಅಕ್ಕನಿಗೆ ಓದಿ ಹೇಳುತ್ತಿದ್ದ ತಂಗಿ, ನಾಲ್ಕನೆಯ ಸಾಲು ಬಂದಾಗ ಅದನ್ನು ಓದದೆ ಮುಂದಕ್ಕೆ ಹೋದಳು. ಕಾಗದದ ಕೆಳಗೆ ಸಹಿ ಹಾಕಬೇಕಾದವಳು ಅಕ್ಕ. ವಂಶದಿಂದ ಬಂದ ದೋಷದಿಂದಾಗಿ ಹದಿನೆಂಟನೆಯ ವಯಸ್ಸಿಗೇ ಅವಳ ಕಣ್ಣು ಹೋಗಿತ್ತು. ಆ ದೋಷ, ಗರ್ಭಕ್ಕೆ ಸೇರಿಸುವ ಮುನ್ನ ಲ್ಯಾಬಿನಲ್ಲಿ ಬೆಳೆಸಿದ್ದ ತಂಗಿಯ ಭ್ರೂಣಗಳಲ್ಲಿಯೂ ಇದೆಯೇ ಎಂದು ಹೋಲಿಸಿ ನೋಡಲು ಲ್ಯಾಬಿನವರಿಗೆ ಅಕ್ಕನ ರಕ್ತ ಬೇಕಿತ್ತು.

“ಮೇಡಂ, ಒಂದು ಸಾಲು ಬಿಟ್ರಿ. ಪೂರ್ತಿ ಓದಿ ಹೇಳ್ಲೇಬೇಕು,” ಎಂದಳು ಸೂಜಿ ಹಿಡಿದು ನಿಂತಿದ್ದ ನರ್ಸ್.

“ಕಳ್ಳಿ! ನಾನು ಅಕ್ಷರ ಕಲಿಸುವಾಗ್ಲೂ ಹೀಗೇ. ಕಷ್ಟದ ಪದ ಬಂದ್ರೆ ನುಂಗಿಬಿಡ್ತಿದ್ಲು,” ಎಂದು ಅಕ್ಕ ನಕ್ಕಳು. “ಓದೇ, ಈಗೇನು ಕಿವಿ ಹಿಂಡಲ್ಲ.”

ತಂಗಿ ತಗ್ಗಿದ ದನಿಯಲ್ಲಿ ಓದಿದಳು: “ರಕ್ತ ಕೊಟ್ಟವರಲ್ಲಿರುವ ದೋಷವೇ ಕಂಡುಬಂದ ಭ್ರೂಣಗಳನ್ನು ಕೈಬಿಡಲಾಗುವುದು.”

ಅಕ್ಕ ಪೆನ್ನಿಗಾಗಿ ಕೈ ಚಾಚಿದಳು. ಒಂದು ಕಾಲದಲ್ಲಿ ಅಕ್ಕ ತಂಗಿಯ ಬೆರಳನ್ನು ಸ್ಲೇಟಿನ ಮೇಲೆ ಇಡಿಸುತ್ತಿದ್ದಂತೆಯೇ, ತಂಗಿ ಈಗ ಅವಳ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟಳು.

“ಸರಿಯಾಗೇ ಬರೆದಿದ್ದಾರೆ ಬಿಡು. ನಿನ್ನ ಮಗು ಕಣ್ತುಂಬ ನೋಡ್ಲಿ,” ಎಂದಳು ಅಕ್ಕ, ಸಹಿ ಹಾಕುತ್ತ. “ಅಮ್ಮನಿಗೆ ಇಂಥ ಕಾಗದ ಯಾರೂ ಕೊಡಲಿಲ್ಲ. ಅದಕ್ಕೇ ನಾನಿದ್ದೀನಿ.”

“ಹಾಗಲ್ಲ ಅಕ್ಕಾ...”

“ಮತ್ತೆ ಹೇಗೆ?”

ರಕ್ತ ತೆಗೆದಾದ ಮೇಲೆ ತಂಗಿ ಎಂದಿನಂತೆ, ನಡೆಸಿಕೊಂಡು ಹೋಗಲು ತನ್ನ ಮೊಣಕೈಯನ್ನು ಅಕ್ಕನ ಅಂಗೈಗೆ ತಾಗಿಸಿ ನಿಂತಳು. ಅಕ್ಕ ಕೈ ಹಿಂದಕ್ಕೆಳೆದುಕೊಂಡು, ಗೋಡೆ ತಡವುತ್ತ ಬಾಗಿಲು ಹುಡುಕಿದಳು.