ರೋಗಕ್ಕೆ ರೂಢಿಯಾದ ಔಷಧ

ಮನೆಮನೆ ತಿರುಗಿ ಕುರಿಗಳಿಗೆ ಔಷಧ ಚುಚ್ಚುವ ಅಡಿವೆಪ್ಪನ ಸೂಜಿ ಟಗರಿನ ತೊಡೆಗೆ ತಾಗುವ ಮೊದಲೇ ಬಾಳವ್ವ ಅವನ ಮುಂಗೈ ಹಿಡಿದಳು. ಅವಳು ಗೋಕಾಕದ ದನದ ದವಾಖಾನೆಯಿಂದ ಈಗಷ್ಟೇ ಬಸ್ಸಿಳಿದು ಬಂದಿದ್ದಳು. ಟಗರು ಮೂಗಿನಲ್ಲಿ ಸಿಂಬಳ ಸುರಿಸುತ್ತ, ಪಕ್ಕೆ ಎಳೆದೆಳೆದು ಉಸಿರಾಡುತ್ತಿತ್ತು. ಕುಲಗೋಡದ ಅವಳ ಕುರಿದಡ್ಡಿಯಲ್ಲಿ ಆ ತಿಂಗಳು ಇದೇ ಕೆಮ್ಮಿಗೆ ಐದು ಕುರಿ ಸತ್ತಿದ್ದವು. ಐದಕ್ಕೂ ಇವನೇ, ಇದೇ ಔಷಧ ಚುಚ್ಚಿದ್ದ.

"ಈ ಔಷಧಕ್ಕ ರೋಗ ಇನ್ನ ಬಗ್ಗೂದಿಲ್ಲಂತ. ಸತ್ತ ಕುರಿ ಪುಪ್ಪಸ ತಪಾಸ ಮಾಡಿಸಿ ಡಾಕ್ಟರು ಹೇಳ್ಯಾರ," ಎಂದಳು. "ಎರಡು ದಿನಾ ಚುಚ್ಚಿ ಬಿಟ್ಟು, ಮತ್ತ ಚುಚ್ಚಿ ಬಿಟ್ಟು, ರೋಗಕ್ಕ ಅದು ರೂಢಿ ಆಗೇತಂತ."

ಅಡಿವೆಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. "ಹ್ವಾದ ವರ್ಷ ಕೆಮ್ಮು ನಿಂತ ಕೂಡ್ಲೆ, ಸಾಕು ಬಿಡು, ಉಳಿದದ್ದು ಇನ್ನೊಂದು ಕುರಿಗೆ ಆಗತೈತಿ ಅಂದಾಕಿ ನೀನ ಅಲ್ಲೇನ ಯಕ್ಕಾ?"

ಮಾತು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳ ಸಿಟ್ಟು ನೆತ್ತಿಗೇರಿತು. "ಹೂಂ, ಅಂದೆ. ನಾ ಕುರಿ ಕಾಯಾಕಿ, ನನಗ ತಿಳೀಲಿಲ್ಲ. ಔಷಧದ ಚೀಲ ಹೊತ್ತು ಮನಿಮನಿ ತಿರಗಾಂವ ನೀನು. ಐದು ದಿನದ ಸೂಜಿ ಐದೂ ದಿನಾ ಹಾಕಬೇಕಂತ ಒಂದು ಸಲರ ಬಾಯಿ ಬಿಟ್ಟಿಯೇನ?" ಬಾಳವ್ವ ಮುಂಗೈ ಬಿಡದೆಯೇ ಅವನನ್ನು ಎಬ್ಬಿಸಿ ನಿಲ್ಲಿಸಿದಳು.

"ಎಲ್ಲಿಗೆ?" ಎಂದ.

"ಬಾಜೂ ದಡ್ಡಿಗೆ. ಅಲ್ಲಿನ ಕುರಿನೂ ಕೆಮ್ಮಾಕತ್ತಾವು. ನಿನ್ನ ತಪ್ಪು ನೀ ಹೇಳು, ನನ್ನ ತಪ್ಪು ನಾ ಹೇಳತೇನಿ. ನಡಿ."